ಹಿಂದಿನ ಸೀಟಿನಲ್ಲಿ ಅತ್ತೆ, ಮುಂದೆ ವೈನ್ ತೋಟ

ಗುಟ್ಟಾಗಿ ಒಂದು ಕೆಲಸ ಮಾಡುವ ಯೋಗ ನನ್ನ ಹಣೆಯಲ್ಲೇ ಬರೆದಿಲ್ಲ. ಚಿಕ್ಕವಳಿದ್ದಾಗ ಧಾರವಾಡದಲ್ಲಿ ಕದ್ದು ಹುಣಸೆಹಣ್ಣು ತಿಂದರೆ ಬಿಕ್ಕಳಿಕೆ ಬಂದು ಸಿಕ್ಕಿಬೀಳುತ್ತಿದ್ದೆ. ಲಂಡನ್ನಿಗೆ ಬಂದ ಮೇಲೆ, ಗಂಡನಿಗೆ ಹೇಳದೆ ಒಂದು ಸೀರೆ ತರೋಣವೆಂದು ಸೌತ್‌ಹಾಲಿಗೆ ಹೋದರೆ, ಪಕ್ಕದ ಅಂಗಡಿಯಲ್ಲಿ ಅವರು ನನಗೆ ಹೇಳದೆ ಜಿಲೇಬಿ ತಿನ್ನುತ್ತ ನಿಂತಿದ್ದರು. ಇಂಥವು ನನಗೆ ಆಗುತ್ತಲೇ ಇರುತ್ತವೆ. ಅವುಗಳಲ್ಲಿ ವೈನಿಗೆ ಸಂಬಂಧಪಟ್ಟವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಉಳಿದವುಗಳಲ್ಲಿ ನನ್ನ ಮರ್ಯಾದೆ ಇನ್ನೂ ಸ್ವಲ್ಪ ಹೆಚ್ಚು ಹೋಗಿದೆ.

ಬೀಟ್‌ರೂಟ್ ಸಾರು

ತೊಂಬತ್ತರ ದಶಕದ ನಡುವೆ ನಾನು ಹೀಥ್ರೂ ಹತ್ತಿರದ ಒಂದು ಸರಕು ಸಾಗಣೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ಕ್ರಿಸ್‌ಮಸ್ಸಿಗೆ ಮ್ಯಾನೇಜರು ಎಲ್ಲರಿಗೂ ಒಂದೊಂದು ಬಾಟಲಿ ಕೆಂಪು ವೈನ್ ಕೊಟ್ಟರು. ನಮ್ಮಿಬ್ಬರ ಮನೆತನದಲ್ಲೂ ಆ ವಸ್ತು ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಕೊಟ್ಟದ್ದನ್ನು ಎಸೆಯಲು ಮನಸ್ಸು ಬರಲಿಲ್ಲ, ಕುಡಿಯಲು ಧೈರ್ಯ ಬರಲಿಲ್ಲ. ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ಸುಮ್ಮನಾದೆವು. ಮರುವರ್ಷ ಮ್ಯಾನೇಜರು ಮತ್ತೊಂದು ಕೊಟ್ಟರು. ಹಿಟ್ಟಿನ ಡಬ್ಬಿಗೆ ಜಾಗ ಸಾಲದಾಯಿತು.

ಒಂದು ಭಾನುವಾರ ನನ್ನ ಗಂಡ, "ರುಚಿ ನೋಡಿದ್ರ ಏನೂ ಆಗೂದಿಲ್ಲ ತಗೋ," ಎಂದರು. ಬಾಟಲಿಯ ಬಿರಡೆ ತೆಗೆಯುವ ತಿರುಪು ಮನೆಯಲ್ಲಿರಲಿಲ್ಲ. ಅವರು ಎಂಜಿನಿಯರು. ಚಾಕು ಹಾಕಿ ನೋಡಿದರು, ಸ್ಕ್ರೂಡ್ರೈವರ್ ಹಾಕಿ ನೋಡಿದರು. ಕಡೆಗೆ ಲಟ್ಟಣಿಗೆಯ ಹಿಡಿಯನ್ನು ಬಿರಡೆಯ ಮೇಲಿಟ್ಟು, ಅದರ ನೆತ್ತಿಯ ಮೇಲೆ ಒಂದು ಏಟು ಹಾಕಿದರು. ಬಿರಡೆ ಒಳಗೆ ಹೋಯಿತು, ವೈನು ಮೇಲೆ ಹೋಯಿತು. ಉಳಿದದ್ದನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಸ್ಟೀಲಿನ ಲೋಟಗಳಲ್ಲಿ ಹಾಕಿಕೊಂಡು, ಕಿಟಕಿಯ ಪರದೆ ಎಳೆದು ಕುಡಿದೆವು. ನಿಜ ಹೇಳಬೇಕೆಂದರೆ, ಅವರು ಮುಖ ಕಿವುಚಿದರು. ನನಗೆ ಬಹಳ ಹಿಡಿಸಿತು.

ಅದು ಬಾಡಿಗೆಯ ಫ್ಲ್ಯಾಟು. ಮಾಲೀಕ ಮನೆ ನೋಡಲು ಬಂದಾಗ ಅಡುಗೆಮನೆಯ ಸೂರಿನ ಮೇಲೆ ದೊಡ್ಡ ಕೆಂಪು ಕಲೆ. ಏನಿದು ಎಂದು ಕೇಳಿದ. ನನ್ನ ಗಂಡ ಕಣ್ಣು ಮಿಟುಕಿಸದೆ, ಬೀಟ್‌ರೂಟ್ ಸಾರು ಎಂದರು. ಆತ ಸೂರನ್ನು ಬಹಳ ಹೊತ್ತು ನೋಡಿ, ಬಹಳ ವಿನಯದಿಂದ ಕೇಳಿದ: "ನಿಮ್ಮ ಕಡೆ ಸಾರು ಹೇಗೆ ಬಡಿಸುತ್ತಾರೆ?"

ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಧಾರವಾಡದಿಂದ ಬಂದ ನನ್ನ ಅತ್ತೆಯವರಿಗೂ ನಾವು ಅದೇ ಬೀಟ್‌ರೂಟ್ ಸಾರಿನ ಕಥೆ ಹೇಳಿದೆವು. ಅವರು, "ಹೌದೇನು," ಎಂದರು, ಅಷ್ಟೇ.

ದ್ರಾಕ್ಷಿ ತೋಟ

ಮುಂದಿನ ವರ್ಷಗಳಲ್ಲಿ ಯುಗಾದಿಯ ಕೂಟವೊಂದರಲ್ಲಿ ನನಗೆ ಇಬ್ಬರು ಗೆಳತಿಯರು ಸಿಕ್ಕರು. ಒಬ್ಬಳು ಮೈಸೂರಿನವಳು, ಟೂಟಿಂಗಿನಲ್ಲಿ ಜಿಪಿ. ನಾವು ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದೆವು. ಇನ್ನೊಬ್ಬಳು ಬೆಂಗಳೂರಿನವಳು, ಕೆಲಸದ ವೀಸಾದ ಮೇಲೆ ಬಂದ ಐಟಿ ಹುಡುಗಿ, ಮದುವೆಯಾಗಿಲ್ಲ, ವಯಸ್ಸಿನಲ್ಲಿ ನಮಗಿಂತ ಬಹಳ ಚಿಕ್ಕವಳು. ಒಂದು ವರ್ಷ ಐಟಿ ಹುಡುಗಿ ಯೋಜನೆ ಹಾಕಿದಳು. ಲಂಡನ್ನಿನ ದಕ್ಷಿಣಕ್ಕೆ ಸರ್ರೆಯ ಬೆಟ್ಟಗಳಲ್ಲಿ ವೈನ್ ತೋಟಗಳಿವೆ. ಶನಿವಾರ, ಭಾನುವಾರ ಎರಡು ದಿನ. ತೋಟದಿಂದ ತೋಟಕ್ಕೆ ಹೋಗುವುದು, ರುಚಿ ನೋಡುವುದು, ನಡುವೆ ಒಂದು ಹಳ್ಳಿಯಲ್ಲಿ ತಂಗುವುದು. ಗಂಡಂದಿರಿಲ್ಲ, ಮಕ್ಕಳಿಲ್ಲ.

ಮದುವೆಯಾದ ಮೇಲೆ ನಾನು ಗೆಳತಿಯರ ಜೊತೆ ಎಲ್ಲೂ ಹೋಗಿರಲಿಲ್ಲ. ಸಾಕ್ಸು ಎಲ್ಲಿ, ಸಾಸಿವೆ ಎಲ್ಲಿ ಎಂದು ಯಾರೂ ಕೇಳದ ಎರಡು ದಿನ ನನಗೆ ಬೇಕಾಗಿತ್ತು. ಬೇಕೇ ಬೇಕಾಗಿತ್ತು.

ಆದರೆ ಆ ಬೇಸಿಗೆಯಲ್ಲಿ ಅತ್ತೆಯವರು ನಮ್ಮ ಮನೆಯಲ್ಲಿದ್ದರು. ಊರಿಗೆ ವಾಪಸು ಹೋಗಲು ಇನ್ನೊಂದೇ ವಾರವಿತ್ತು. ಬೆಳಿಗ್ಗೆ ಎದ್ದು ಸ್ನಾನ, ಹಣೆಗೆ ವಿಭೂತಿ, ಪೂಜೆ, ಆಮೇಲೆ ಬಾಯಿಗೆ ಚಹಾ. ಧಾರವಾಡದಲ್ಲಿ ಪಕ್ಕದ ಮನೆಯ ಹಿರಿಮಗ ಕುಡಿಯುತ್ತಾನೆಂದು ತಿಳಿದ ದಿನದಿಂದ ಅವರು ಆ ಮನೆಗೆ ಹಬ್ಬದ ಹೋಳಿಗೆ ಕೊಡುವುದನ್ನೇ ನಿಲ್ಲಿಸಿದವರು. ನಾನಾದರೋ ಅವರ ಕಣ್ಣಲ್ಲಿ ಒಳ್ಳೆಯ ಸೊಸೆ. ಆ ಹೆಸರು ಸಂಪಾದಿಸಲು ನನಗೆ ವರ್ಷಗಳೇ ಹಿಡಿದಿದ್ದವು. ಅದನ್ನು ಒಂದು ಗ್ಲಾಸಿಗೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಅವರ ಹೋಳಿಗೆಯ ವಿಷಯದಲ್ಲೂ ನನಗೆ ಅದೇ ಭಾವನೆ.

"ಆಫೀಸಿನ ಕೆಲಸ ಅಂತ ಹೇಳಿಬಿಡ್ರಿ," ಎಂದು ಗಂಡನಿಗೆ ಹೇಳಿಕೊಟ್ಟಿದ್ದೆ. ಅವರು ನನ್ನ ಮೇಲಿನ ಪ್ರೀತಿಗೆ ಸ್ವಂತದ್ದೊಂದು ಸುಳ್ಳು ಹೇಳಿದರು.

"ಯವ್ವಾ, ಇಕಿ ಗೆಳತ್ಯಾರ ಜೋಡಿ ದ್ರಾಕ್ಷಿ ತ್ವಾಟ ನೋಡಾಕ ಹೊಂಟಾಳ."

"ದ್ರಾಕ್ಷಿ ತ್ವಾಟ?" ಅತ್ತೆಯವರು ಕುಂತಲ್ಲೇ ನೆಟ್ಟಗಾದರು. "ನಾನೂ ಬರ್ತೀನಿ. ಬಂದಾಗಿಂದ ಬರೇ ನಿಮ್ಮ ಗ್ವಾಡಿ ನೋಡಾಕತ್ತೀನಿ."

ನಾನು ಗಂಡನನ್ನು ನೋಡಿದೆ. ಗಂಡ ಟಿವಿ ನೋಡಿದರು. ಆ ವಾರಾಂತ್ಯ ಕ್ರಿಕೆಟ್ ಇದೆ ಎನ್ನುವುದು ನನಗೆ ಆಗ ನೆನಪಾಯಿತು.

ಗೆಳತಿಯರಿಗೆ ಫೋನು ಮಾಡಿದೆ. ಐಟಿ ಹುಡುಗಿ ಅಳುವ ದನಿಯಲ್ಲಿ, "ಹಾಗಾದ್ರೆ ಕ್ಯಾನ್ಸಲ್ಲಾ ಅಕ್ಕ?" ಎಂದಳು. ಡಾಕ್ಟರಮ್ಮ ಮಾತ್ರ ಹಾಯಾಗಿದ್ದಳು. "ಬರ್ಲಿ ಬಿಡೇ ಪಾಪ. ಅವರು ಹೊರಗೆ ಬೆಂಚಿನ ಮೇಲೆ ಕೂತಿರ್ತಾರೆ. ನಾವು ಒಳಗೆ ಹೋಗಿ ಬರೋಣ."

ನನ್ನ ಅತ್ತೆಯವರನ್ನು ಎಂದೂ ಭೇಟಿಯಾಗದವರು ಮಾತ್ರ ಆಡಬಹುದಾದ ಮಾತು ಅದು.

ಗುಡ್ಡ ಎಲ್ಲಿ?

ಕಾರು ಡಾಕ್ಟರಮ್ಮನದು. ಓಡಿಸುವವಳೂ ಅವಳೇ. ಐಟಿ ಹುಡುಗಿ ಮುಂದೆ ಕೂತು ಪ್ರಿಂಟು ತೆಗೆದ ಮ್ಯಾಪು ಹಿಡಿದಿದ್ದಳು. ಹಿಂದೆ ನಾನು, ಅತ್ತೆಯವರು, ನಮ್ಮಿಬ್ಬರ ನಡುವೆ ಅತ್ತೆಯವರ ಬುತ್ತಿಯ ಚೀಲ. ಊರಿಗೆ ಹೋಗುವ ಮುಂಚೆ ಉಳಿದ ಜೋಳದ ಹಿಟ್ಟನ್ನೆಲ್ಲ ಅವರು ಆ ದಿನ ಬೆಳಿಗ್ಗೆ ರೊಟ್ಟಿ ಬಡಿದಿದ್ದರು.

ಎಂ ಟ್ವೆಂಟಿಫೈವ್ ರಸ್ತೆ ಸೇರುವ ಹೊತ್ತಿಗೆ ಅವರು ಐಟಿ ಹುಡುಗಿಯ ತಂದೆಯ ಕೆಲಸ, ತಾಯಿಯ ತವರು, ಅವಳ ನಕ್ಷತ್ರ ಎಲ್ಲವನ್ನೂ ತಿಳಿದುಕೊಂಡಿದ್ದರು. ರಸ್ತೆ ಬಿಟ್ಟು ಹಳ್ಳಿಯ ದಾರಿ ಹಿಡಿಯುವ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಒಂದು ವರ ಗೊತ್ತು ಮಾಡಿದ್ದರು. ಹುಡುಗಿ ಮ್ಯಾಪಿನಲ್ಲಿ ಮುಖ ಮುಚ್ಚಿಕೊಂಡದ್ದರಿಂದ ನಾವು ಎರಡು ಸಲ ದಾರಿ ತಪ್ಪಿದೆವು.

ಆಮೇಲೆ ಅತ್ತೆಯವರು ಕಿಟಕಿಯ ಕಡೆ ತಿರುಗಿ ಕೇಳಿದರು, "ಗುಡ್ಡಾ ಅಂದಿದ್ರೆಲ್ಲ, ಎಲ್ಲಿ ಬರ್ತೈತಿ?"

"ನಾವೀಗ ಗುಡ್ಡದ ಮೇಲೇ ಇದ್ದೀವಿ ಅಮ್ಮ," ಎಂದಳು ಡಾಕ್ಟರಮ್ಮ, ಸ್ವಲ್ಪ ಹೆಮ್ಮೆಯಿಂದಲೇ.

ಅತ್ತೆಯವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಇದಾ? ನಮ್ಮ ಯಲ್ಲಮ್ಮನ ಗುಡ್ಡಾ ಏರೂ ಮುಂದ ಮಂದಿ ನಡುವ ಕುಂತು ಕುಂತು ಏಳ್ತಾರ. ಇಲ್ಲಿ ನಿಮ್ಮ ಕಾರಿಗೆ ಸೈತ ದಮ್ಮು ಹತ್ತಲಿಲ್ಲ."

ಡಾಕ್ಟರರ ಒಪ್ಪಿಗೆ

ಮೊದಲ ತೋಟ ಬಹಳ ಚೆಂದವಿತ್ತು. ಇಳಿಜಾರಿನ ಉದ್ದಕ್ಕೂ ಬಳ್ಳಿಯ ಸಾಲುಗಳು, ಮೇಲೆ ಹಳೆಯ ಕಣಜದಂಥ ಒಂದು ಕಟ್ಟಡ. ಹೊರಗೆ ಬೆಂಚೂ ಇತ್ತು. ಡಾಕ್ಟರಮ್ಮ ಅದನ್ನು ತೋರಿಸಿ, "ಅಮ್ಮ, ಇಲ್ಲಿ ಎಷ್ಟು ತಂಪಾಗಿದೆ ನೋಡಿ," ಎಂದಳು. ಅತ್ತೆಯವರು, "ಹೌದವ್ವಾ, ಭಾಳ ಥಂಡಿ ಐತಿ," ಎಂದು ಸೀದಾ ಒಳಗೆ ನಡೆದು ಮುಂದಿನ ಕುರ್ಚಿಯಲ್ಲಿ ಕುಳಿತರು.

ಉದ್ದನೆಯ ಮೇಜು, ಬಿಳಿಯ ಬಟ್ಟೆ, ಸಾಲಾಗಿ ಗ್ಲಾಸುಗಳು. ತೋಟದ ಯಜಮಾನರು ಟೈ ಕಟ್ಟಿಕೊಂಡ ವಯಸ್ಸಾದ ಮನುಷ್ಯ, ನಿವೃತ್ತ ಹೆಡ್‌ಮಾಸ್ತರರಂತೆ ಕಾಣುತ್ತಿದ್ದರು. ಅತ್ತೆಯವರ ಲೆಕ್ಕದಲ್ಲಿ ಕುಡಿತವೆಂದರೆ ಓಣಿಯ ಕೊನೆಗೆ, ಪರದೆಯ ಹಿಂದೆ, ಗಂಡಸರು, ಮಬ್ಬುಗತ್ತಲು. ಇಷ್ಟು ಬೆಳಕಿನ ಕೋಣೆಯಲ್ಲಿ, ಹೆಂಗಸರ ನಡುವೆ, ಟೈ ಕಟ್ಟಿದ ಹಿರಿಯರೊಬ್ಬರು ಅದನ್ನು ಬಡಿಸುತ್ತಾರೆಂಬುದು ಅವರ ಮನಸ್ಸಿಗೆ ಹೊಳೆಯುವ ಸಂಗತಿಯೇ ಅಲ್ಲ. ನಾನು ಅದರ ಮೇಲೆಯೇ ಭರವಸೆ ಇಟ್ಟು ಕೂತೆ.

ಯಜಮಾನರು ರುಚಿ ನೋಡುವ ಕ್ರಮವನ್ನು ತೋರಿಸಿದರು. ಗ್ಲಾಸನ್ನು ತಿರುಗಿಸಿದರು, ಮೂಸಿದರು, ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಕೆನ್ನೆಯಿಂದ ಕೆನ್ನೆಗೆ ಆಡಿಸಿದರು, ಸುರ್ ಎಂದು ಗಾಳಿ ಎಳೆದರು. ಆಮೇಲೆ ಮೇಜಿನ ಮೇಲಿದ್ದ ಲೋಹದ ಪಾತ್ರೆಯೊಳಗೆ ಉಗುಳಿಬಿಟ್ಟರು.

ಅತ್ತೆಯವರ ಮುಖ ಅರಳಿತು.

"ಪೀಕದಾನಿ ಇಟ್ಟಾರ ನೋಡು, ನಮ್ಮ ಅಜ್ಜಾರ ಮನ್ಯಾಗ ಇದ್ದಂಗ. ಇದು ಬಾಯಿ ಮುಕ್ಕಳಸೂ ಔಷಧ ಹೌದಿಲ್ಲೋ?" ನನ್ನನ್ನು ಕೇಳಲಿಲ್ಲ. ಗೊತ್ತಿದ್ದವರನ್ನೇ ಕೇಳಿದರು. "ಏನ್ರೀ ಡಾಕ್ಟರವ್ವಾ, ದ್ರಾಕ್ಷಿ ಔಷಧ ಅಲ್ಲೇನು ಇದು? ಗಂಟಲಿಗೆ, ಹಲ್ಲಿಗೆ?"

ಡಾಕ್ಟರಮ್ಮ ಸುಳ್ಳು ಹೇಳುವ ಜಾತಿಯವಳಲ್ಲ. ಅವಳು ನನ್ನನ್ನು ನೋಡಿದಳು. ನಾನು ಎರಡೂ ಕೈ ಮೇಜಿನ ಕೆಳಗೆ ಮುಗಿದೆ.

"ಹೂಂ ಅಮ್ಮ," ಎಂದಳು. "ಒಂಥರಾ."

ಅಷ್ಟೇ ಸಾಕಾಯಿತು. ಡಾಕ್ಟರು ಹೇಳಿದ ಮೇಲೆ ಅದು ಔಷಧ, ಔಷಧವೆಂದ ಮೇಲೆ ಅದಕ್ಕೊಂದು ಪಥ್ಯ. ಅತ್ತೆಯವರು ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ಕುಳಿತರು. ಬಿಳಿಯದು ಬಂತು, ಗುಲಾಬಿ ಬಣ್ಣದ್ದು ಬಂತು, ನೊರೆಯದು ಬಂತು. ಒಂದೊಂದಕ್ಕೂ ಅವರ ಅಪ್ಪಣೆ: "ಚೊಲೋತ್ನಂಗ ಆಡಸ್ರಿ. ಹಾಂ, ಉಗುಳ್ರಿ. ನುಂಗಬ್ಯಾಡ್ರಿ ಮತ್ತ."

ಕಾರು ಓಡಿಸಬೇಕಾದ ಡಾಕ್ಟರಮ್ಮನಿಗೆ ಇದರಿಂದ ತೊಂದರೆ ಇರಲಿಲ್ಲ. ತಿಂಗಳುಗಟ್ಟಲೆ ಕನಸು ಕಂಡಿದ್ದ ಐಟಿ ಹುಡುಗಿ ಮಾತ್ರ ಆ ನೊರೆಯ ವೈನನ್ನು ಬಾಯಲ್ಲಿಟ್ಟುಕೊಂಡು, ಮುಖ ಆಚೆ ತಿರುಗಿಸಿದಳು.

"ಏ ಹುಡುಗಿ, ನುಂಗಿದಿ. ನಿನ್ನ ಗಂಟಲಾ ಆಡಿದ್ದು ನಾ ಕಂಡೀನಿ."

ಕೊನೆಗೆ ಯಜಮಾನರು ಮನಸಾರೆ ಮೆಚ್ಚಿಕೊಂಡರು. ಇಷ್ಟು ಶಿಸ್ತಿನಿಂದ ಉಗುಳುವ ತಂಡವನ್ನು ತಾವು ಕಂಡೇ ಇಲ್ಲ, ಬಂದವರೆಲ್ಲ ನುಂಗುವವರೇ ಎಂದರು. ನೀವು ಈ ವ್ಯಾಪಾರದವರೋ ಎಂದು ಕೇಳಿದರು.

"ಇಲ್ಲ," ಎಂದಳು ಐಟಿ ಹುಡುಗಿ, ಖಾಲಿ ಗ್ಲಾಸನ್ನು ನೋಡುತ್ತ. "ನಮ್ಮ ಮ್ಯಾನೇಜರ್ ತುಂಬಾ ಸ್ಟ್ರಿಕ್ಟು."

ರಂಜಕ

ಒಂದು ವೈನಿಗೂ ಮತ್ತೊಂದಕ್ಕೂ ನಡುವೆ ನಾಲಿಗೆ ತೊಳೆದುಕೊಳ್ಳಲೆಂದು ಯಜಮಾನರು ತಟ್ಟೆಯಲ್ಲಿ ತೆಳ್ಳನೆಯ ಸಪ್ಪೆ ಬಿಸ್ಕೀಟು ಇಟ್ಟಿದ್ದರು. ಅತ್ತೆಯವರು ಆ ತಟ್ಟೆಯನ್ನು ಮೊದಲಿನಿಂದಲೂ ಗಮನಿಸುತ್ತಿದ್ದರು.

"ಇಷ್ಟು ದೊಡ್ಡ ತ್ವಾಟ ಐತಿ, ಮನಿಗೆ ಬಂದವರಿಗೆ ಎರಡು ಬಿಸ್ಕೀಟು. ಮನ್ಯಾಗ ಮಾಡಿ ಹಾಕವರು ಇಲ್ಲ ಕಾಣ್ತೈತಿ, ಪಾಪ."

ನಾನು ತಡೆಯುವಷ್ಟರಲ್ಲಿ ಬಿಳಿಯ ಬಟ್ಟೆಯ ಮೇಲೆ ಬುತ್ತಿ ಬಿಚ್ಚಿಯಾಗಿತ್ತು. ಕಟಿಕಟಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಗಟ್ಟಿ ಮೊಸರು, ಮತ್ತು ಒಂದು ಸಣ್ಣ ಡಬ್ಬಿಯಲ್ಲಿ ರಂಜಕ. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆದ ನಮ್ಮ ಕಡೆಯ ರಂಜಕದ ಬಗ್ಗೆ ಹೆಚ್ಚು ಹೇಳುವುದು ಬೇಡ. ಧಾರವಾಡದವರೂ ಅದನ್ನು ಬೆರಳ ತುದಿಯಲ್ಲಿ ಮುಟ್ಟುತ್ತಾರೆ.

ಅತ್ತೆಯವರು ರೊಟ್ಟಿಯ ಒಂದು ತುಂಡಿಗೆ ಅದನ್ನು ಸವರಿ ಯಜಮಾನರ ಕೈಗೆ ಕೊಟ್ಟು, "ತಿನ್ರಿ," ಎಂದರು. ಭಾಷೆ ತಿಳಿಯದಿದ್ದರೂ ಆ ದನಿಗೆ ಇಲ್ಲವೆನ್ನಲು ಯಾರಿಂದಲೂ ಆಗದು. ಇಂಗ್ಲಿಷಿನವರ ವಿನಯವೂ ಜಗತ್ತಿಗೇ ಗೊತ್ತಿದ್ದದ್ದು. ಅವರು ಇಡೀ ತುಂಡನ್ನು ಒಮ್ಮೆಗೇ ಬಾಯಿಗೆ ಹಾಕಿಕೊಂಡರು.

ಮೊದಲು ಮುಗುಳ್ನಕ್ಕರು. ಆಮೇಲೆ ಕಿವಿ ಕೆಂಪಾದವು. ಟೈ ಸಡಿಲಿಸಿಕೊಂಡರು. ನಾನು ಮೊಸರು ಬಡಿಸಲು ಚಮಚ ಹುಡುಕುತ್ತಿದ್ದೆ, ಅವರು ಕಾಯಲಿಲ್ಲ. ತಮ್ಮ ಗ್ಲಾಸನ್ನು ಎತ್ತಿ ಗಟಗಟ ಕುಡಿದರು, ಆಮೇಲೆ ಡಾಕ್ಟರಮ್ಮನದು, ಆಮೇಲೆ ನನ್ನದು. ಪಾತ್ರೆಯ ಕಡೆ ತಿರುಗಿಯೂ ನೋಡಲಿಲ್ಲ.

ಅತ್ತೆಯವರು ಗಾಬರಿಯಾಗಿ ನನ್ನ ತೋಳು ಹಿಡಿದರು. "ಅಯ್ಯ ಶಿವನ, ಔಷಧ ಪೂರಾ ನುಂಗಿಬಿಟ್ರಲ್ಲ. ಡಾಕ್ಟರವ್ವಾ, ಏನಾರ ಆದೀತೇನು ಅವರಿಗೆ?"

ಗುಲಾಬಿ ಗಿಡ

ಆ ಸಂಜೆ ಹಳ್ಳಿಯ ಒಂದು ಮನೆಯಲ್ಲಿ ನಮ್ಮ ವಾಸ. ಮನೆಯೊಡತಿ ಬಹಳ ಅಚ್ಚುಕಟ್ಟಿನವಳು, ಹಿತ್ತಲಿನಲ್ಲಿ ಗುಲಾಬಿಗಳನ್ನು ಮಕ್ಕಳಂತೆ ಸಾಕಿದ್ದಳು. ಬಿಸಿಲು ಇನ್ನೂ ಇತ್ತು. ಅತ್ತೆಯವರು ಮಹಡಿಯ ಕೋಣೆಯಲ್ಲಿ ಸಂಜೆಯ ಪೂಜೆಗೆ ಕುಳಿತರು.

ಐಟಿ ಹುಡುಗಿ ತನ್ನ ಶಾಲಿನೊಳಗಿಂದ ಒಂದು ಬಾಟಲಿ ಹೊರಗೆ ತೆಗೆದಳು. ತೋಟದಲ್ಲಿ ನಾವು ಯಜಮಾನರಿಗೆ ನೀರು ಕುಡಿಸುತ್ತಿದ್ದಾಗ ಕೊಂಡಿದ್ದಳಂತೆ. ಈ ಕಾಲದ ಹುಡುಗಿಯರ ಬುದ್ಧಿಗೆ ನಾನು ತಲೆಬಾಗಿದೆ. ಕಾರು ಬೆಳಗಿನವರೆಗೂ ಕದಲುವುದಿಲ್ಲವಾದ್ದರಿಂದ ಡಾಕ್ಟರಮ್ಮನೂ ಸಿದ್ಧಳಾದಳು. ಬಾತ್‌ರೂಮಿನಿಂದ ಹಲ್ಲುಜ್ಜುವ ಲೋಟಗಳನ್ನು ತಂದೆವು. ಸೂರ್ಯ ಮುಳುಗುವುದನ್ನು ನೋಡುತ್ತ ಮೂವರೂ ಒಂದೊಂದು ಗುಟುಕು ಬಾಯಿಗೆ ಹಾಕಿಕೊಂಡೆವು.

ನನ್ನ ಮೊಬೈಲು ರಿಂಗಾಯಿತು. ಗಂಡ. "ಏ, ಸಾಸಿವಿ ಎಲ್ಲಿಟ್ಟಿ?"

ಬಾಯಲ್ಲಿ ವೈನು. "ಹೂಂ, ಹೂಂ," ಎಂದೆ. "ಹೂಂ ಅಂದ್ರ ಎಡಕ್ಕೋ ಬಲಕ್ಕೋ?" ಎಂದರು.

ಆ ಮಾತಿನ ಸದ್ದಿಗೆ ಮೇಲಿನ ಕಿಟಕಿ ತೆರೆಯಿತು. ಅತ್ತೆಯವರ ತಲೆ ಹೊರಗೆ ಬಂತು. ನಮ್ಮ ಲೋಟಗಳನ್ನು ನೋಡಿದರು, ಉಬ್ಬಿದ ಕೆನ್ನೆಗಳನ್ನು ನೋಡಿದರು, ಬಹಳ ಸಂತೋಷಪಟ್ಟರು.

"ಚೊಲೋ ಆತು. ಬೆಳಿಗ್ಗೆ ಒಮ್ಮೆ, ಸಂಜೀಕೊಮ್ಮೆ ಮುಕ್ಕಳಸಬೇಕಲ್ಲ ಮತ್ತ. ಉಗುಳ್ರಿ. ಅಲ್ಲೇ ಗಿಡಕ್ಕ ಉಗುಳ್ರಿ, ನೀರು ಹಾಕಿದಂಗೂ ಆಗ್ತೈತಿ."

ಅವರು ಕಿಟಕಿ ಮುಚ್ಚಲೇ ಇಲ್ಲ. ನಾವು ಮೂವರೂ, ಒಬ್ಬ ಡಾಕ್ಟರು ಸಮೇತ, ಸಾಲಾಗಿ ಬಗ್ಗಿ ಗುಲಾಬಿ ಗಿಡಕ್ಕೆ ಉಗುಳಿದೆವು. ತಲೆ ಎತ್ತಿದಾಗ ಅಡುಗೆಮನೆಯ ಕಿಟಕಿಯಲ್ಲಿ ಮನೆಯೊಡತಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಅವಳು ನಮಗೆ ಚಹಾ ಬಡಿಸಿ, ಕೈ ಕಟ್ಟಿಕೊಂಡು, ಬಹಳ ಮೆತ್ತಗೆ ಹೇಳಿದಳು: "ರುಚಿ ಹಿಡಿಸದಿದ್ದರೆ ಒಳಗೇ ಸಿಂಕ್ ಇದೆ."

ಗಳಗಳ

ಸಂಜೆಯ ಗಾಳಿಗೆ ಕಿಟಕಿ ತೆರೆದು ನಿಂತಿದ್ದರಿಂದ ಅತ್ತೆಯವರ ಗಂಟಲು ಕೂತಿತ್ತು. ಎರಡನೆಯ ತೋಟಕ್ಕೆ ಬಂದಾಗ ಅವರ ದನಿ ಅರ್ಧಕ್ಕರ್ಧ ಇಳಿದಿತ್ತು. ನನಗೆ ಅದರಿಂದ ಸ್ವಲ್ಪ ನೆಮ್ಮದಿಯಾಯಿತು ಎಂದು ಹೇಳಿದರೆ ನೀವು ನನ್ನನ್ನು ಕೆಟ್ಟವಳು ಎನ್ನಬಾರದು.

ಗೆಳತಿಯರು ಮುಂದೆ ನಡೆದರು. ನಾವಿಬ್ಬರೂ ಬಳ್ಳಿಯ ಸಾಲುಗಳ ನಡುವೆ ನಿಧಾನವಾಗಿ ನಡೆದೆವು. ಅವರು ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು. "ಹುಳಿ ಅಂದ್ರ ಹುಳಿ. ಅದಕ್ಕ ಉಗುಳ್ತಾರ ಇವರು. ನಮ್ಮ ವಿಜಾಪುರದ ದ್ರಾಕ್ಷಿ ಇದ್ದಿದ್ರ ಯಾರು ಉಗುಳ್ತಿದ್ರು?"

ಆಮೇಲೆ ಸ್ವಲ್ಪ ದೂರ ನಡೆದು, ತಾವಾಗಿಯೇ ಹೇಳಿದರು.

"ನೋಡ ಯವ್ವಾ, ನಿಮ್ಮ ಮಾವಾರ ಜೋಡಿ ಹೋಗೀನಿ. ಮಕ್ಕಳ ಜೋಡಿ ಹೋಗೀನಿ. ಯಾತ್ರಿ ಬಸ್ಸಿನ್ಯಾಗ ಊರ ಮಂದಿ ಜೋಡಿ ಹೋಗೀನಿ. ಗೆಳತ್ಯಾರ ಜೋಡಿ ಅಂತ ಎಲ್ಲೂ ಹೋಗಿದ್ದಿಲ್ಲ. ಇದ ಮೊದಲು."

ನಮ್ಮನ್ನು ಗೆಳತಿಯರು ಎಂದುಬಿಟ್ಟಿದ್ದರು. ನನ್ನ ಕಣ್ಣು ತುಂಬಿ ಬಂದವು. ನನಗೆ ಬೇಕಾಗಿದ್ದ ಅದೇ ಎರಡು ದಿನ ಅವರಿಗೂ ಬೇಕಾಗಿತ್ತು, ನನಗಿಂತ ಎಷ್ಟೋ ವರ್ಷ ಹೆಚ್ಚು ಕಾದಿದ್ದರು. ಆ ಕ್ಷಣದಲ್ಲಿ ಅವರ ಮೇಲೆ ನನಗೆ ಬಂದ ಪ್ರೀತಿ ಅಷ್ಟಿಷ್ಟಲ್ಲ. ಹೋಳಿಗೆ ಹೋದರೆ ಹೋಗಲಿ, ಇವರಿಗೆ ಸುಳ್ಳು ಹೇಳುವುದು ಬೇಡ ಎನಿಸಿತು.

"ಅವ್ವಾರ," ಎಂದೆ. "ಅದು ಖರೇ ಅಂದ್ರ ಔಷಧ ಅಲ್ರೀ."

"ಸುಮ್ನಿರು," ಎಂದರು. "ಡಾಕ್ಟರಗಿಂತ ನಿನಗ ಹೆಚ್ಚಿಗಿ ತಿಳೀತೈತೇನು? ನಡಿ, ನನಗೂ ಒಂದೀಟು ಬೇಕು ಇವತ್ತು. ಗಂಟಲಾ ಕೆರ್ಯಾಕತ್ತೈತಿ."

ಒಳಗೆ ಬಹಳ ಜನರಿದ್ದರು. ಎಲ್ಲರೂ ನಾಜೂಕಾಗಿ ತಿರುಗಿಸುತ್ತ, ಮೂಸುತ್ತ, ಪಿಸುಗುಡುತ್ತಿದ್ದರು. ಅತ್ತೆಯವರು ಕೆಂಪು ವೈನನ್ನು ತುಟಿಗೆ ತಾಗಿಸದೆ, ಮೇಲಿನಿಂದ ಎತ್ತಿ ಬಾಯಿಗೆ ಹಾಕಿಕೊಂಡರು. ತಲೆಯನ್ನು ಹಿಂದಕ್ಕೆ ವಾಲಿಸಿದರು. ಉಪ್ಪುನೀರಿನಲ್ಲಿ ಮಾಡುವ ಹಾಗೆ, ಧಾರವಾಡದ ಹಿತ್ತಲಿನಲ್ಲಿ ಮಾಡುವಷ್ಟೇ ಧಾರಾಳವಾಗಿ, ಗಳಗಳಗಳ ಎಂದು ಶುರು ಮಾಡಿದರು.

ಎಲ್ಲರೂ ಇತ್ತ ತಿರುಗಿದರು. ಬಡಿಸುತ್ತಿದ್ದ ಹೆಂಗಸು ಬಾಟಲಿಯನ್ನು ಗಾಳಿಯಲ್ಲೇ ಹಿಡಿದು ನಿಂತಳು. ಅತ್ತೆಯವರು ಪೂರ್ತಿ ಮುಗಿಸಿ, ಪಾತ್ರೆಗೆ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಸಮಾಧಾನದಿಂದ ಸುತ್ತ ನೋಡಿದರು. ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಮುಖದಲ್ಲಿ ಅಷ್ಟು ಗಂಭೀರ ಕಳೆ. ಇದು ಗೊತ್ತಿರುವವರ ಪದ್ಧತಿಯೇ ಇರಬೇಕೆಂದು ಜನ ತೀರ್ಮಾನಿಸಿದರು.

ನಾವು ಒಂದು ಬಾಟಲಿ "ಔಷಧ" ಕಟ್ಟಿಸಿಕೊಂಡು ಹೊರಡುವಾಗ, ಮೂಲೆಯ ಮೇಜಿನಲ್ಲಿ ಸೂಟು ಹಾಕಿದ ಒಬ್ಬ ಗಂಡಸು ಮತ್ತು ಅವನ ಹೆಂಡತಿ ತಲೆ ಹಿಂದಕ್ಕೆ ವಾಲಿಸಿ ಗಳಗಳ ಎನ್ನುತ್ತಿದ್ದರು.

ಇಳಿಯುವ ಔಷಧ

ಮನೆಗೆ ಬಂದ ಕೂಡಲೇ ಅತ್ತೆಯವರು ಧಾರವಾಡಕ್ಕೆ ಫೋನು ಹಚ್ಚಿ ನನ್ನ ನಾದಿನಿಗೆ ವರದಿ ಒಪ್ಪಿಸಿದರು. "ಇಲ್ಲಿ ಮಂದಿ ಭಾಳ ಸ್ವಚ್ಛ ಅದಾರ. ತ್ವಾಟಕ್ಕ ಹೋದ್ರೂ ಬಾಯಿ ಮುಕ್ಕಳಸ್ತಾರ. ನಿಮ್ಮ ವೈನಿ ಅಂತೂ ಒಂದು ಹನಿ ನುಂಗಲಿಲ್ಲ ನೋಡು." ವೈನಿ ಎಂದರೆ ನಮ್ಮ ಕಡೆ ಅತ್ತಿಗೆ, ಅಂದರೆ ನಾನು. ನನ್ನ ಗಂಡ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು. ಮಗಳು ಬಾಟಲಿಯ ಮೇಲಿನ ಹೆಸರನ್ನು ಓದಿ, "ಅಜ್ಜೀ, ದಿಸ್ ಈಸ್..." ಎನ್ನುವಷ್ಟರಲ್ಲಿ ನಾನು ಅವಳ ಬಾಯಿಗೆ ಒಂದು ಲಾಡು ತುರುಕಿದೆ.

ಈಗ ಬಾಟಲಿ ತೆಗೆಯಬೇಕು. ತಿರುಪು ನಮ್ಮ ಮನೆಯಲ್ಲಿ ಆ ಹೊತ್ತಿಗೆ ಎರಡಿದ್ದವು. ಹೊರಗೆ ತೆಗೆದರೆ, ಇದು ನಿಮ್ಮ ಮನೆಯಲ್ಲಿ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಗಂಡ ನನ್ನ ಮುಖ ನೋಡಿದರು. ಆಮೇಲೆ ಹೋಗಿ ಲಟ್ಟಣಿಗೆ ತಂದರು.

ಅದು ನಮ್ಮ ಸ್ವಂತ ಮನೆ, ಹೊಸದಾಗಿ ಬಣ್ಣ ಹೊಡೆಸಿದ ಸೂರು. ಬಿರಡೆ ಒಳಗೆ ಹೋಯಿತು, ವೈನು ಮೇಲೆ ಹೋಯಿತು.

ಅತ್ತೆಯವರು ತಲೆ ಎತ್ತಿ ಆ ಕೆಂಪು ಕಲೆಯನ್ನು ನಿಧಾನವಾಗಿ ನೋಡಿದರು. "ನಿಮ್ಮ ಹಳೇ ಮನ್ಯಾಗೂ ಹಿಂಗ ಬೀಟ್‌ರೂಟ್ ಸಾರು ಹಾರಿತ್ತಲ್ಲ," ಎಂದರು.

ನಾನು ಸೂರು ಒರೆಸಲು ಬಟ್ಟೆ ಹುಡುಕಿಕೊಂಡು ಹೋದೆ.

ಅಂದಿನಿಂದ ಸಂಜೆ ಊಟಕ್ಕೆ ಮುಂಚೆ ಅವರು ಸ್ಟೀಲಿನ ಲೋಟದಲ್ಲಿ ಸ್ವಲ್ಪ ಔಷಧ ಹಾಕಿಕೊಂಡು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಗಳಗಳ ಎಂದು ಕೇಳಿಸುವುದು, ಥೂ ಎಂದು ಕೇಳಿಸುವುದು, ನಲ್ಲಿಯ ಸದ್ದು ಬರುವುದು. ಗಂಟಲು ಸರಿಹೋಯಿತು. ದನಿ ಮೊದಲಿನಂತೆ ಮನೆ ತುಂಬಿತು. ಔಷಧ ಮಾತ್ರ ನಿಲ್ಲಲಿಲ್ಲ.

ಅವರು ಊರಿಗೆ ಹೊರಡುವ ಹಿಂದಿನ ದಿನ. ಸೂಟ್‌ಕೇಸುಗಳೆಲ್ಲ ಕಟ್ಟಿಯಾಗಿದ್ದವು. ನಾನು ಒಣಗಿದ ಬಟ್ಟೆ ಮಡಚುತ್ತ ಬಾತ್‌ರೂಮಿನ ಹೊರಗೇ ನಿಂತಿದ್ದೆ. ಅವರು ಹೋಗುತ್ತಾರೆಂದು ನಿಜವಾಗಿಯೂ ಬೇಜಾರಾಗಿತ್ತು. ಒಳಗಿಂದ ಗಳಗಳ ಎಂದು ಕೇಳಿಸಿತು. ಥೂ ಎನ್ನುವುದಕ್ಕೆ ಕಾದೆ. ಕೇಳಿಸಲಿಲ್ಲ. ನಲ್ಲಿಯ ಸದ್ದೂ ಇಲ್ಲ. ಇನ್ನೊಮ್ಮೆ ಗಳಗಳ, ಈ ಸಲ ಬಹಳ ಚಿಕ್ಕದು, ಹೆಸರಿಗೆ ಮಾತ್ರ. ಆಗಲೂ ಥೂ ಇಲ್ಲ.

ಬಾಗಿಲು ತೆರೆಯಿತು. ಅತ್ತೆಯವರು ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮುಖ ಒಂದಿಷ್ಟು ಕೆಂಪಾಗಿತ್ತು. ನನ್ನನ್ನು ನೋಡಿ ನಿಂತರು. ನಾನು ಅವರ ಕೈಯ ಖಾಲಿ ಲೋಟವನ್ನು ನೋಡಿದೆ, ಅವರ ಹಿಂದೆ ಒಣಗಿದ್ದ ಸಿಂಕನ್ನು ನೋಡಿದೆ.

"ಅವ್ವಾರ, ನುಂಗಿದ್ರೇನು?"

ಅವರು ಎಳ್ಳಷ್ಟೂ ಅಳುಕಲಿಲ್ಲ. "ಗಂಟಲ ನೋವು ಕೆಳಗ ಇಳದೈತಿ," ಎಂದರು. "ಔಷಧಾನೂ ಇಳೀಬೇಕಲ್ಲ."

ಅಡುಗೆಮನೆಗೆ ನಡೆದು, ಜೋಳದ ಹಿಟ್ಟಿನ ಖಾಲಿ ಡಬ್ಬಿಯ ಹಿಂದಿನಿಂದ ಬಾಟಲಿಯನ್ನು ತೆಗೆದರು. ಅದನ್ನು ಅಲ್ಲಿಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಹಾ ಸೋಸುವ ಜಾಲರಿಯನ್ನು ಲೋಟದ ಮೇಲಿಟ್ಟು, ಬಿರಡೆಯ ಚೂರು ಬೀಳದಂತೆ ಜೋಪಾನವಾಗಿ ಸೋಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ನನ್ನ ಗಂಟಲನ್ನೇ ದಿಟ್ಟಿಸಿದರು.

"ಮೊನ್ನೆ ಎರಡು ದಿನ ನೀವು ಹುಡುಗ್ಯಾರು ಅಷ್ಟೂ ಉಗುಳಿಬಿಟ್ರಿ. ಯಾಕೋ ನಿನಗೂ ಗಂಟಲಾ ಕೆಟ್ಟಂಗ ಕಾಣ್ತೈತಿ. ಹೌದಿಲ್ಲೋ? ಇನ್ನೊಂದು ಲೋಟ ತಗೊಂಡು ಬಾ."

ನಾನು ಕೂಡಲೇ ಕೆಮ್ಮಿದೆ.